ನಕ್ಷತ್ರಗಳ ಲೆಕ್ಕ ಇಟ್ಟ ವಿ. ರಾಧಾಕೃಷ್ಣನ್
ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಈ ಸಂಚಿಕೆಗೆ ಪ್ರಸಿದ್ಧ ವ್ಯಕ್ತಿಯೊಬ್ಬರ ಜೀವನ ಬರೆದುಕೊಡಬೇಕೆಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯ ಅರ್ಧದಷ್ಟು ಜನ ಅಬ್ದುಲ್ ಕಲಾಂ ಅವರ ಹೆಸರು ಕೊಟ್ಟರು. ಉಳಿದವರು ವಿಶ್ವೇಶ್ವರಯ್ಯ, ಟಿಪ್ಪು ಸುಲ್ತಾನ್ ಎಂದು ಬರೆಸಿದರು. ನಾನು ವಿ. ರಾಧಾಕೃಷ್ಣನ್ ಎಂದೆ. ಮೇಡಂ ಅದನ್ನು ರಾಷ್ಟ್ರಪತಿಯಾಗಿದ್ದ ರಾಧಾಕೃಷ್ಣನ್ ಎಂದು ತಿಳಿದು ಬರೆದುಕೊಂಡರು. ಅವರು ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು, ಆದ್ದರಿಂದ ಈ ಊರಿನಲ್ಲಿ ಆ ಹೆಸರೇ ಮೊದಲು ನೆನಪಿಗೆ ಬರುತ್ತದೆ. ನಾನು ಬರೆಯುತ್ತಿರುವುದು ಇನ್ನೊಬ್ಬ ರಾಧಾಕೃಷ್ಣನ್ ಬಗ್ಗೆ. ಖಗೋಳ ವಿಜ್ಞಾನ ಓದುವವರಿಗೆ ಯಾವ ದೇಶದಲ್ಲಾದರೂ ಇವರ ಹೆಸರು ಗೊತ್ತು. ಇವರು ತೀರಿಕೊಂಡಾಗ ನಾನು ಎರಡು ವರ್ಷದ ಮಗು.

ನನಗೆ ಇವರ ಪರಿಚಯವಾದದ್ದು ಒಂದು ಗೇಟಿನಿಂದ. ನನ್ನ ಫುಫು ಬೆಂಗಳೂರಿನ ಆರ್.ಟಿ. ನಗರದಲ್ಲಿದ್ದಾರೆ. ಅವರ ಮನೆಗೆ ಹೋಗುವ ಬಸ್ಸು ಮೇಖ್ರಿ ವೃತ್ತದ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಮರಗಳ ಹಿಂದಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ನೋಡುತ್ತಿದ್ದೆ. ಅಲ್ಲಿ ಏನು ನಡೆಯುತ್ತದೆ ಎಂದು ತಿಳಿಯುವ ಕುತೂಹಲಕ್ಕೆ ಓದಲು ಶುರು ಮಾಡಿದೆ. ಹತ್ತನೇ ತರಗತಿ ಆದ ಮೇಲೆ ಸೈನ್ಸ್ ತೆಗೆದುಕೊಳ್ಳಬೇಕೆಂದು ನನಗೆ ಬಹಳ ಆಸೆ ಇತ್ತು. ಆದರೆ ಟ್ಯೂಷನ್ ಖರ್ಚು ಹೊಂದಿಸುವುದು ಕಷ್ಟವಿತ್ತು. ಅಬ್ಬಾ ಅವರ ಗುಜರಿ ಅಂಗಡಿಯ ಲೆಕ್ಕ ನೋಡಲೂ ಒಬ್ಬರು ಬೇಕಿತ್ತು. ಕಾಮರ್ಸ್ ಸೇರಿದೆ. ಆಕಾಶಕ್ಕೂ ನನಗೂ ಇನ್ನು ಸಂಬಂಧ ಮುಗಿಯಿತು ಎಂದುಕೊಂಡಿದ್ದೆ. ರಾಧಾಕೃಷ್ಣನ್ ಅವರ ಜೀವನ ಓದಿದ ಮೇಲೆ ಹಾಗೆ ಅನಿಸುವುದಿಲ್ಲ. ಏಕೆ ಎಂದು ಹೇಳುತ್ತೇನೆ.

ಲೆಕ್ಕಪತ್ರದ ಮನೆತನ

ರಾಧಾಕೃಷ್ಣನ್ ಹುಟ್ಟಿದ್ದು 1929ರ ಮೇ 18ರಂದು, ಮದರಾಸಿನಲ್ಲಿ. ತಂದೆ ಸರ್ ಸಿ. ವಿ. ರಾಮನ್, ತಾಯಿ ಲೋಕಸುಂದರಿ ಅಮ್ಮಾಳ್. ಮಗನಿಗೆ ಒಂದೂವರೆ ವರ್ಷವಾಗಿದ್ದಾಗ ತಂದೆಗೆ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. ಹುಡುಗ ಬೆಳೆದದ್ದು ಬೆಂಗಳೂರಿನಲ್ಲೇ.

ನಮ್ಮ ಕಾಮರ್ಸ್ ವಿಭಾಗದವರು ಗಮನಿಸಬೇಕಾದ ಒಂದು ವಿಷಯ ಇದೆ. ರಾಮನ್ ಅವರ ಮೊದಲ ಕೆಲಸ ವಿಜ್ಞಾನದ್ದಲ್ಲ. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಪಾಸು ಮಾಡಿ ಕಲ್ಕತ್ತಾದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಸೇರಿದರು. ಹತ್ತು ವರ್ಷ ಹಗಲು ಸರ್ಕಾರದ ಲೆಕ್ಕ ನೋಡಿ, ಬೆಳಿಗ್ಗೆ ಮತ್ತು ಸಂಜೆ ಪ್ರಯೋಗ ಮಾಡುತ್ತಿದ್ದರು. ಅವರ ಅಣ್ಣ ಸಿ. ಎಸ್. ಅಯ್ಯರ್ ಕೂಡ ರೈಲ್ವೆಯ ಲೆಕ್ಕಪರಿಶೋಧನೆಯಲ್ಲಿ ಅಧಿಕಾರಿ. ಅವರು ಲಾಹೋರಿನಲ್ಲಿದ್ದಾಗ 1910ರಲ್ಲಿ ಒಬ್ಬ ಮಗ ಹುಟ್ಟಿದ. ಆ ಮಗನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅಂದರೆ ರಾಧಾಕೃಷ್ಣನ್ ಅವರ ದೊಡ್ಡಪ್ಪನ ಮಗ.

ಚಂದ್ರಶೇಖರ್ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. 1930ರಲ್ಲಿ 19 ವರ್ಷದ ಚಂದ್ರಶೇಖರ್ ಹೆಚ್ಚಿನ ಓದಿಗೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಹಡಗಿನಲ್ಲೇ ಕುಳಿತು ಒಂದು ಲೆಕ್ಕ ಮಾಡಿದರು. ಸೂರ್ಯನಂಥ ನಕ್ಷತ್ರದ ಇಂಧನ ಮುಗಿದಾಗ ಅದು ತನ್ನದೇ ಭಾರಕ್ಕೆ ಕುಗ್ಗುತ್ತಾ ಭೂಮಿಯಷ್ಟು ಚಿಕ್ಕದಾಗುತ್ತದೆ. ಇದನ್ನು ಶ್ವೇತಕುಬ್ಜ ಎನ್ನುತ್ತಾರೆ. ಅದು ಇನ್ನೂ ಕುಗ್ಗದಂತೆ ತಡೆಯುವುದು ಅದರೊಳಗಿನ ಎಲೆಕ್ಟ್ರಾನುಗಳು. ತುಂಬಿದ ಸಿಟಿ ಬಸ್ಸಿನಲ್ಲಿ ಒಂದು ಸೀಟಿನಲ್ಲಿ ಒಬ್ಬರೇ ಕೂರಬೇಕು ಎಂಬ ನಿಯಮ ಇದ್ದ ಹಾಗೆ, ಒಂದು ಎಲೆಕ್ಟ್ರಾನ್ ಇರುವ ಸ್ಥಿತಿಯಲ್ಲಿ ಇನ್ನೊಂದು ಸೇರುವಂತಿಲ್ಲ. ಆದರೆ ಆ ಬಲಕ್ಕೂ ಮಿತಿ ಇದೆ. ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ತೂಕವಿದ್ದರೆ ಶ್ವೇತಕುಬ್ಜವಾಗಿ ಉಳಿಯಲು ಸಾಧ್ಯವಿಲ್ಲ. ಇದೇ ಚಂದ್ರಶೇಖರ್ ಮಿತಿ. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಆ ಕಾಲದ ಬಹುದೊಡ್ಡ ಖಗೋಳ ವಿಜ್ಞಾನಿ ಎಡಿಂಗ್ಟನ್ ಇದನ್ನು ಎಲ್ಲರ ಎದುರಿಗೆ ಗೇಲಿ ಮಾಡಿ ತಳ್ಳಿಹಾಕಿದರು. ಲೆಕ್ಕ ಮಾತ್ರ ಸರಿಯಾಗಿತ್ತು. ಚಂದ್ರಶೇಖರ್ ಅವರಿಗೆ 1983ರಲ್ಲಿ ನೊಬೆಲ್ ಬಂತು.

ಹಾಗಾದರೆ ಆ ಮಿತಿ ದಾಟಿದ್ದು ಏನಾಗುತ್ತದೆ? ಬಾಡೆ ಮತ್ತು ಜ್ವಿಕಿ ಎಂಬ ಇಬ್ಬರು ವಿಜ್ಞಾನಿಗಳು 1934ರಲ್ಲಿ ಒಂದು ಉತ್ತರ ಕೊಟ್ಟರು. ಅದು ನ್ಯೂಟ್ರಾನುಗಳೇ ತುಂಬಿದ ಪುಟ್ಟ ಉಂಡೆಯಾಗುತ್ತದೆ. ಸೂರ್ಯನಿಗಿಂತ ಹೆಚ್ಚಿನ ತೂಕ, ಆದರೆ ಅಗಲ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಮಾತ್ರ, ಅಂದರೆ ಮೈಸೂರಿನಿಂದ ನಂಜನಗೂಡಿಗೆ ಹೋಗುವಷ್ಟು ದೂರ. ಇಷ್ಟು ಚಿಕ್ಕದನ್ನು ಇಷ್ಟು ದೂರದಿಂದ ಕಾಣುವುದು ಹೇಗೆ? ಮೂವತ್ತಕ್ಕೂ ಹೆಚ್ಚು ವರ್ಷ ಅದು ಕಾಗದದ ಮೇಲಷ್ಟೇ ಇತ್ತು. ಅದಕ್ಕಿಂತ ಭಾರವಾದದ್ದು ಕಪ್ಪುಕುಳಿಯಾಗುತ್ತದೆ. ಹೀಗೆ ಸತ್ತ ಮೇಲೆ ಕುಗ್ಗಿ ಉಳಿಯುವ ಆಕಾಶಕಾಯಗಳನ್ನು ಕಾಣುವುದು ಹೇಗೆ ಎಂಬ ಪ್ರಶ್ನೆಯಲ್ಲೇ ರಾಧಾಕೃಷ್ಣನ್ ಅವರ ಜೀವನದ ದೊಡ್ಡ ಭಾಗ ಕಳೆಯಿತು.

ಪಿಎಚ್.ಡಿ. ಇಲ್ಲದ ವಿಜ್ಞಾನಿ

ರಾಧಾಕೃಷ್ಣನ್ 1950ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು. ಆಗ ಬೆಂಗಳೂರಿನ ಕಾಲೇಜುಗಳೂ ನಮ್ಮ ವಿಶ್ವವಿದ್ಯಾನಿಲಯದ ಕೆಳಗೇ ಇದ್ದವು. ಅವರು ಓದಿ ಗಳಿಸಿದ ಪದವಿಗಳಲ್ಲಿ ಅದೇ ಕೊನೆಯದು. ಅವರು ಎಂದೂ ಪಿಎಚ್.ಡಿ. ಮಾಡಲಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ನಂಬಿಕೆ ಬರಲಿಲ್ಲ. ನೊಬೆಲ್ ಪಡೆದವರ ಮಗನಿಗೆ ಪಿಎಚ್.ಡಿ. ಸಿಗುವುದು ಕಷ್ಟವಾಗಿತ್ತೇ? ಅವರಿಗೆ ಕೈಯಿಂದ ಮಾಡುವ ಕೆಲಸ ಇಷ್ಟ. ರೇಡಿಯೋ ರಿಸೀವರ್ ಕಟ್ಟುವುದು, ಆಂಟೆನಾ ಸರಿಪಡಿಸುವುದು, ಯಂತ್ರ ಬಿಚ್ಚಿ ಜೋಡಿಸುವುದು. ಇನ್ನೊಂದು ಮಾತೂ ಇದೆ. ತಂದೆಯ ನೆರಳು ದೊಡ್ಡದಾಗಿತ್ತು. ಅದೇ ಊರಿನಲ್ಲಿ ಅದೇ ವಿಷಯದಲ್ಲಿ ಕೆಲಸ ಮಾಡಿದರೆ ಜೀವನಪೂರ್ತಿ ರಾಮನ್ ಮಗ ಎಂದೇ ಕರೆಸಿಕೊಳ್ಳಬೇಕಾಗುತ್ತಿತ್ತು. ಇದು ಅವರ ಮಾತಲ್ಲ, ನನ್ನ ಊಹೆ.

1950ರ ದಶಕದ ನಡುವೆ ಅವರು ಸ್ವೀಡನ್ನಿಗೆ ಹೋಗಿ ಗೋಥೆನ್‌ಬರ್ಗ್ ನಗರದ ಚಾಮರ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸಂಶೋಧನಾ ಸಹಾಯಕರಾದರು. ರೇಡಿಯೋ ಖಗೋಳ ವಿಜ್ಞಾನ ಆಗ ಹೊಸದು. ನಕ್ಷತ್ರಗಳ ಬೆಳಕನ್ನು ಕಣ್ಣಿನಿಂದ ನೋಡುವ ಬದಲು ಅವು ಕಳಿಸುವ ರೇಡಿಯೋ ಅಲೆಗಳನ್ನು ಆಂಟೆನಾದಿಂದ ಹಿಡಿಯುವುದು. ಹೊಸ ವಿದ್ಯೆಗೆ ಹಳೆಯ ಪದವಿಗಿಂತ ರಿಸೀವರ್ ಕಟ್ಟಬಲ್ಲ ಕೈ ಹೆಚ್ಚು ಬೇಕಿತ್ತು. ಅಲ್ಲಿಂದ 1959ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಗೆ ಹೋದರು. ಅಲ್ಲಿ ಜೊತೆಗಾರರೊಂದಿಗೆ ಗುರುಗ್ರಹದಿಂದ ಬರುವ ರೇಡಿಯೋ ಅಲೆಗಳನ್ನು ಅಳೆದು, ಗುರುವಿನ ಸುತ್ತಲೂ ಭೂಮಿಗಿರುವಂತೆಯೇ ಕಾಂತಕ್ಷೇತ್ರ ಹಿಡಿದಿಟ್ಟ ಕಣಗಳ ಪಟ್ಟಿ ಇದೆ ಎಂದು ತೋರಿಸಿದರು. 1965ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದರು. ಅಲ್ಲಿ ಪಾರ್ಕ್ಸ್ ಎಂಬ ಊರಿನ ಹತ್ತಿರ 64 ಮೀಟರ್ ಅಗಲದ ದೊಡ್ಡ ರೇಡಿಯೋ ದೂರದರ್ಶಕ ಇದೆ.

ಸೆಕೆಂಡಿಗೆ 11 ಸಲ

1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ತನ್ನ ಯಂತ್ರದಿಂದ ಬಂದ ಉದ್ದನೆಯ ಕಾಗದದ ಸುರುಳಿಯಲ್ಲಿ ಒಂದು ಸಣ್ಣ ಕಲೆಯನ್ನು ಕಂಡಳು. ಯಾರಾದರೂ ಗದ್ದಲವೆಂದು ಬಿಟ್ಟುಬಿಡಬಹುದಾಗಿದ್ದ ಕಲೆ. ಅವಳು ಬಿಡಲಿಲ್ಲ. ಅದು 1.3 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತವಾಗಿತ್ತು. ಅದೇ ಮೊದಲ ಪಲ್ಸಾರ್. ಮಿಡಿಯುವುದು ಏನು, ಏಕೆ ಮಿಡಿಯುತ್ತದೆ ಎಂದು ಯಾರಿಗೂ ಖಚಿತವಿರಲಿಲ್ಲ. ಒಂದು ಗುಂಪು ನಕ್ಷತ್ರವೇ ಉಬ್ಬಿ ಕುಗ್ಗುತ್ತಿದೆ ಎಂದಿತು. ಇನ್ನೊಂದು ಗುಂಪು ಅದು ಬುಗುರಿಯಂತೆ ತಿರುಗುತ್ತಿದೆ ಎಂದಿತು.

1968ರಲ್ಲಿ ಆಸ್ಟ್ರೇಲಿಯಾದಲ್ಲಿ ವೇಲಾ ಎಂಬ ನಕ್ಷತ್ರಪುಂಜದಲ್ಲಿ ಸೆಕೆಂಡಿಗೆ 11 ಸಲ ಮಿಡಿಯುವ ಪಲ್ಸಾರ್ ಸಿಕ್ಕಿತು. ರಾಧಾಕೃಷ್ಣನ್ ಮತ್ತು ಅವರ ಜೊತೆಗಾರರು ಪಾರ್ಕ್ಸ್ ದೂರದರ್ಶಕವನ್ನು ಅದರ ಕಡೆ ತಿರುಗಿಸಿದರು. ರೇಡಿಯೋ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದನ್ನು ಅಳೆದರು. ಒಂದೊಂದು ಮಿಡಿತದ ಒಳಗೂ ಆ ದಿಕ್ಕು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತಿತ್ತು. ನಕ್ಷತ್ರದ ಕಾಂತಧ್ರುವದಿಂದ ಅಲೆಗಳ ಕಿರಣ ಹೊರಡುತ್ತಿದ್ದು, ನಕ್ಷತ್ರ ತಿರುಗುವಾಗ ಆ ಕಿರಣ ಸಮುದ್ರತೀರದ ದೀಪಸ್ತಂಭದ ಬೆಳಕಿನಂತೆ ನಮ್ಮ ಮೇಲೆ ಹಾದು ಹೋದರೆ ಮಾತ್ರ ಹೀಗೆ ಆಗುತ್ತದೆ. 1969ರಲ್ಲಿ ಅವರು ಪ್ರಕಟಿಸಿದ ಈ ವಿವರಣೆಯನ್ನು ಪಲ್ಸಾರ್ ಬಗ್ಗೆ ಓದುವವರು ಇಂದಿಗೂ ಮೊದಲ ಪಾಠವಾಗಿ ಓದುತ್ತಾರೆ. ಕಾಗದದ ಮೇಲಿದ್ದ ನ್ಯೂಟ್ರಾನ್ ನಕ್ಷತ್ರ ನಿಜವಾಗಿ ಆಕಾಶದಲ್ಲಿ ತಿರುಗುತ್ತಿತ್ತು.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ವೇಲಾ ಪಲ್ಸಾರ್ ಒಂದು ಸುತ್ತಿಗೆ ಸುಮಾರು 89 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ತಿರುಗುವ ಶಕ್ತಿ ಖರ್ಚಾಗುತ್ತಿರುವುದರಿಂದ ಅದು ದಿನೇ ದಿನೇ ನಿಧಾನವಾಗುತ್ತಿದೆ. ದಿನಕ್ಕೆ ಸುಮಾರು 11 ನ್ಯಾನೋಸೆಕೆಂಡ್. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಖರ್ಚಿನ ಲೆಕ್ಕ ತಿಂಗಳುಗಟ್ಟಲೆ ಸರಿಯಾಗಿ ಬರುತ್ತಿತ್ತು. 1969ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ದಿನಗಳ ನಡುವೆ ಲೆಕ್ಕ ತಪ್ಪಿತು. ನಕ್ಷತ್ರ ನಿಧಾನವಾಗುವ ಬದಲು ಸುತ್ತಿಗೆ ಸುಮಾರು 200 ನ್ಯಾನೋಸೆಕೆಂಡಿನಷ್ಟು ವೇಗ ಹೆಚ್ಚಿಸಿಕೊಂಡಿತ್ತು. ಹದಿನೆಂಟು ದಿನದ ಖರ್ಚು ಯಾರೋ ವಾಪಸ್ ಜಮಾ ಮಾಡಿದ ಹಾಗೆ.

ರಾಧಾಕೃಷ್ಣನ್ ಮತ್ತು ಅವರ ಜೊತೆಗಾರ ಮ್ಯಾಂಚೆಸ್ಟರ್ ಅದನ್ನು ಯಂತ್ರದ ದೋಷವೆಂದು ಪಕ್ಕಕ್ಕೆ ಸರಿಸದೆ ಪ್ರಕಟಿಸಿದರು. ಅಮೆರಿಕದ ಇಬ್ಬರು ವಿಜ್ಞಾನಿಗಳೂ ತಮ್ಮ ದೂರದರ್ಶಕದಲ್ಲಿ ಅದನ್ನೇ ಕಂಡಿದ್ದರು. ಈಗ ಇದನ್ನು ಗ್ಲಿಚ್ ಎನ್ನುತ್ತಾರೆ. ನಕ್ಷತ್ರದ ಹೊರಗಿನ ಗಟ್ಟಿ ಸಿಪ್ಪೆ ನಿಧಾನವಾದರೂ ಒಳಗೆ ಸ್ವಲ್ಪವೂ ತಡೆಯಿಲ್ಲದೆ ಹರಿಯುವ ನ್ಯೂಟ್ರಾನ್ ದ್ರವ ಹಳೆಯ ವೇಗದಲ್ಲೇ ತಿರುಗುತ್ತಿರುತ್ತದೆ, ಆಗಾಗ ಆ ವೇಗದಲ್ಲಿ ಸ್ವಲ್ಪ ಸಿಪ್ಪೆಗೆ ಬರುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಸುಮಾರು ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರದ ಹೊಟ್ಟೆಯೊಳಗೆ ಏನಿದೆ ಎಂದು ಲೆಕ್ಕ ತಾಳೆಯಾಗದ ಒಂದು ವಾರದಿಂದ ತಿಳಿಯಿತು.

ಬೆಂಗಳೂರಿಗೆ ವಾಪಸ್

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅವರು 1948ರಲ್ಲಿ ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯನ್ನು ನೋಡಿಕೊಳ್ಳುವವರು ಬೇಕಾಗಿತ್ತು. 1972ರಲ್ಲಿ ರಾಧಾಕೃಷ್ಣನ್ ಅದರ ನಿರ್ದೇಶಕರಾಗಿ ಬಂದರು. 1994ರವರೆಗೆ 22 ವರ್ಷ ಆ ಜಾಗದಲ್ಲಿದ್ದರು. ತಂದೆ ಅಲ್ಲಿ ಹರಳು, ಬಣ್ಣ, ಬೆಳಕು ನೋಡುತ್ತಿದ್ದರು. ಮಗ ಖಗೋಳ ವಿಜ್ಞಾನವನ್ನೂ ದ್ರವಸ್ಫಟಿಕಗಳ ಸಂಶೋಧನೆಯನ್ನೂ ಬೆಳೆಸಿದರು. ಕೊನೆಗೂ ಅವರು ತಂದೆಯ ಕುರ್ಚಿಗೇ ಬಂದರು ಎನ್ನಬಹುದು, ಆದರೆ ಬರುವಾಗ ತಮ್ಮದೇ ಒಂದು ವಿದ್ಯೆಯನ್ನು ಜೊತೆಗೆ ತಂದಿದ್ದರು.

ಅವರು ಕೊಂಡು ತರುವುದಕ್ಕಿಂತ ಇಲ್ಲೇ ಕಟ್ಟುವುದನ್ನು ಇಷ್ಟಪಟ್ಟರು. ಭಾರತೀಯ ಖಭೌತ ಸಂಸ್ಥೆಯ ಜೊತೆ ಸೇರಿ ಗೌರಿಬಿದನೂರಿನ ಹತ್ತಿರದ ಬಯಲಿನಲ್ಲಿ ಒಂದು ರೇಡಿಯೋ ದೂರದರ್ಶಕ ಎದ್ದಿತು. ದೂರದರ್ಶಕ ಎಂದರೆ ಅಲ್ಲಿ ಕೊಳವೆಯೂ ಇಲ್ಲ, ತಟ್ಟೆಯೂ ಇಲ್ಲ. ಕಂಬಗಳಿಗೆ ತಂತಿ ಕಟ್ಟಿದ ಸಾವಿರದಷ್ಟು ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ್ದರು. ಉದ್ದನೆಯ ತೋಳು ಸುಮಾರು 1.4 ಕಿಲೋಮೀಟರ್. ನಾವು ಕೇಳುವ ಎಫ್‌ಎಂ ರೇಡಿಯೋಗಿಂತ ಎಷ್ಟೋ ಕೆಳಗಿನ 34.5 ಮೆಗಾಹರ್ಟ್ಸ್‌ನಲ್ಲಿ ಅದು ಪಲ್ಸಾರುಗಳನ್ನೂ ಆಕಾಶಗಂಗೆಯನ್ನೂ ಕೇಳಿಸಿಕೊಂಡಿತು. ಬೆಂಗಳೂರಿನ ಆವರಣದಲ್ಲಿ 10.4 ಮೀಟರ್ ಅಗಲದ ತಟ್ಟೆಯೂ ಬಂತು. ಕೆಲಸ ಬಿಟ್ಟರೆ ಅವರಿಗೆ ಹಾಯಿದೋಣಿಯ ಹುಚ್ಚು. ದೋಣಿಗಳನ್ನು ತಾವೇ ವಿನ್ಯಾಸ ಮಾಡಿ ಕಟ್ಟಿಸಿ ಸಮುದ್ರಕ್ಕೆ ಇಳಿಸುತ್ತಿದ್ದರು.

ಗುಜರಿಯಿಂದ ಬಂದ ನಕ್ಷತ್ರ

1982ರಲ್ಲಿ ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರ್ ಒಂದು ಸಿಕ್ಕಿತು. ಎಲ್ಲರಿಗೂ ಆಶ್ಚರ್ಯ. ಪಲ್ಸಾರ್ ಹುಟ್ಟಿದಾಗ ವೇಗವಾಗಿ ತಿರುಗಿ ವಯಸ್ಸಾದಂತೆ ನಿಧಾನವಾಗಬೇಕು. ಇಷ್ಟು ವೇಗವಿದ್ದರೆ ಅದು ಎಳೆಯ ನಕ್ಷತ್ರವಾಗಿರಬೇಕು. ಎಳೆಯದಾದರೆ ಸುತ್ತಲೂ ಅದು ಹುಟ್ಟಿದ ಸ್ಫೋಟದ ಅವಶೇಷ ಕಾಣಬೇಕು. ಅಲ್ಲಿ ಏನೂ ಇರಲಿಲ್ಲ. ಕಾಂತಕ್ಷೇತ್ರವೂ ಬಹಳ ದುರ್ಬಲ.

ರಾಧಾಕೃಷ್ಣನ್ ಮತ್ತು ಅವರ ಸಹೋದ್ಯೋಗಿ ಜಿ. ಶ್ರೀನಿವಾಸನ್ ಅದೇ ವರ್ಷ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಉತ್ತರ ಬರೆದರು. ಇದು ಎಳೆಯದಲ್ಲ, ಮುದುಕ. ಇದಕ್ಕೆ ಒಮ್ಮೆ ಜೊತೆಗಾರ ನಕ್ಷತ್ರವೊಂದಿತ್ತು. ಆ ಜೊತೆಗಾರನಿಂದ ಸುರುಳಿ ಸುತ್ತುತ್ತಾ ಬಂದು ಬಿದ್ದ ವಸ್ತು ಇದನ್ನು ಮತ್ತೆ ತಿರುಗಿಸಿ ಜೀವ ಕೊಟ್ಟಿತು. ಬೇರೆ ದೇಶದ ಕೆಲವು ವಿಜ್ಞಾನಿಗಳಿಗೂ ಅದೇ ಹೊತ್ತಿಗೆ ಇದೇ ವಿಚಾರ ಹೊಳೆದಿತ್ತು. ಇಂಥ ನಕ್ಷತ್ರಗಳಿಗೆ ಈಗ ರಿಸೈಕಲ್ಡ್ ಪಲ್ಸಾರ್ ಎಂದೇ ಹೆಸರು. 1998ರಲ್ಲಿ ಜೊತೆಗಾರನಿಂದ ವಸ್ತು ಎಳೆದುಕೊಳ್ಳುತ್ತಾ ಸೆಕೆಂಡಿಗೆ 401 ಸಲ ತಿರುಗುತ್ತಿರುವ ನ್ಯೂಟ್ರಾನ್ ನಕ್ಷತ್ರವೇ ಸಿಕ್ಕಾಗ ಅವರ ಮಾತಿಗೆ ಬಲವಾದ ಸಾಕ್ಷಿ ದೊರೆಯಿತು.

ಇದು ನನಗೆ ಕೂಡಲೇ ಅರ್ಥವಾಯಿತು. ನಮ್ಮ ಅಂಗಡಿಯಲ್ಲಿ ಹಳೆಯ ಸೈಕಲ್ ಚಕ್ರವೊಂದನ್ನು ಕಂಬಿಗೆ ನೇತುಹಾಕಿದ್ದೇವೆ. ನನ್ನ ತಮ್ಮ ನಿಂತ ಚಕ್ರಕ್ಕೆ ಅಂಗೈಯಿಂದ ಒಂದೇ ದಿಕ್ಕಿಗೆ ಮತ್ತೆ ಮತ್ತೆ ಹೊಡೆಯುತ್ತಾನೆ. ಹೊಡೆತ ಸಣ್ಣದೇ, ಆದರೆ ಸ್ವಲ್ಪ ಹೊತ್ತಿಗೆ ಕಡ್ಡಿಗಳು ಕಾಣದಷ್ಟು ವೇಗ ಬರುತ್ತದೆ. ಗುಜರಿಗೆ ಬಂದದ್ದೆಲ್ಲ ಕೆಲಸ ಮುಗಿದದ್ದಲ್ಲ ಎಂದು ಅಬ್ಬಾ ಯಾವಾಗಲೂ ಹೇಳುತ್ತಾರೆ.

ಆಕಾಶದ ಸಸ್ಪೆನ್ಸ್ ಅಕೌಂಟ್

ಈಗ ಕತ್ತಲೆಯ ವಿಷಯಕ್ಕೆ ಬರುತ್ತೇನೆ. ನ್ಯೂಟ್ರಾನ್ ನಕ್ಷತ್ರವನ್ನು ಊಹಿಸಿದ ಅದೇ ಜ್ವಿಕಿ 1933ರಲ್ಲಿ ಕೋಮಾ ಎಂಬ ಗೆಲಾಕ್ಸಿಗಳ ಗುಂಪಿನ ಲೆಕ್ಕ ನೋಡಿದರು. ಆ ಗೆಲಾಕ್ಸಿಗಳು ಓಡುತ್ತಿದ್ದ ವೇಗಕ್ಕೆ ಗುಂಪು ಎಂದೋ ಚದುರಿ ಹೋಗಬೇಕಿತ್ತು. ಅದನ್ನು ಹಿಡಿದಿಡಲು ಬೇಕಾದ ತೂಕ ಕಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಇರಲಿಲ್ಲ. ಕಾಣದ ವಸ್ತು ಏನೋ ಇದೆ ಎಂದು ಅವರು ಬರೆದರು. ಅದನ್ನೇ ಡಾರ್ಕ್ ಮ್ಯಾಟರ್, ಕನ್ನಡದಲ್ಲಿ ಕಪ್ಪುದ್ರವ್ಯ ಎನ್ನುತ್ತಾರೆ. ವಿಶ್ವದ ಒಟ್ಟು ವಸ್ತುವಿನಲ್ಲಿ ಸುಮಾರು ಶೇಕಡ 85 ಭಾಗ ಇದೇ ಎಂಬುದು ಈಗಿನ ಲೆಕ್ಕ. ಅದು ಯಾವುದರಿಂದ ಆಗಿದೆ ಎಂದು ಯಾರಿಗೂ ಗೊತ್ತಿಲ್ಲ.

ಕಳೆದ ವರ್ಷ ನಾವು ಅಕೌಂಟೆನ್ಸಿಯಲ್ಲಿ ಕಲಿತದ್ದು ನೆನಪಿಸಿಕೊಳ್ಳಿ. ಟ್ರಯಲ್ ಬ್ಯಾಲೆನ್ಸ್‌ನ ಎರಡು ಕಡೆ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಅದು ಉತ್ತರ ಅಲ್ಲ. ತಪ್ಪು ಎಲ್ಲಿದೆ ಎಂದು ಸಿಗುವವರೆಗೆ ಮರೆಯದಿರಲು ಬರೆದಿಟ್ಟ ಗುರುತು. ಕಪ್ಪುದ್ರವ್ಯ ವಿಶ್ವದ ಸಸ್ಪೆನ್ಸ್ ಅಕೌಂಟ್.

ಈ ಕಪ್ಪುದ್ರವ್ಯವೂ ಒಟ್ಟುಗೂಡಿ ಪುಟ್ಟ ಭಾರವಾದ ನಕ್ಷತ್ರವಾಗಬಹುದೇ? ಆಗಬಹುದು ಎಂದು ಕೆಲವು ವಿಜ್ಞಾನಿಗಳು ಲೆಕ್ಕ ಮಾಡಿದ್ದಾರೆ. ಅದರ ಕಣಗಳು ಎಲೆಕ್ಟ್ರಾನಿನಂತೆ ಒಂದೇ ಸೀಟಿನಲ್ಲಿ ಇಬ್ಬರು ಕೂರದ ಜಾತಿಯಾದರೆ ಚಂದ್ರಶೇಖರ್ ಹಡಗಿನಲ್ಲಿ ಮಾಡಿದ ರೀತಿಯ ಲೆಕ್ಕವೇ ಅಲ್ಲಿಗೂ ಅನ್ವಯಿಸುತ್ತದೆ. ಕಣ ಹಗುರವಾದಷ್ಟೂ ನಕ್ಷತ್ರದ ಮಿತಿ ದೊಡ್ಡದಾಗುತ್ತದೆ. ಎಲ್ಲವೂ ಒಂದೇ ಸೀಟಿನಲ್ಲಿ ಕೂರಬಲ್ಲ ಜಾತಿಯಾದರೆ ಅದನ್ನು ಬೋಸಾನ್ ನಕ್ಷತ್ರ ಎನ್ನುತ್ತಾರೆ. ಇದುವರೆಗೆ ಇವೆಲ್ಲ ಕಾಗದದ ಮೇಲೆಯೇ ಇವೆ. 1934ರಲ್ಲಿ ನ್ಯೂಟ್ರಾನ್ ನಕ್ಷತ್ರ ಇದ್ದ ಹಾಗೆ.

ಬೆಳಕನ್ನೂ ರೇಡಿಯೋ ಅಲೆಯನ್ನೂ ಕೊಡದಿದ್ದರೆ ಹುಡುಕುವುದು ಹೇಗೆ? ಅದಕ್ಕೂ ತೂಕವಿದೆ, ಗುರುತ್ವವಿದೆ. ಅದನ್ನೇ ಹಿಡಿಯಬೇಕು. ಮೊದಲ ದಾರಿ, ಅಂಥದ್ದು ದೂರದ ನಕ್ಷತ್ರವೊಂದರ ಮುಂದೆ ಹಾದು ಹೋದರೆ ಅದರ ಗುರುತ್ವ ಬೆಳಕನ್ನು ಭೂತಗನ್ನಡಿಯಂತೆ ಬಗ್ಗಿಸಿ ಆ ನಕ್ಷತ್ರ ಕೆಲವು ಕಾಲ ಹೆಚ್ಚು ಹೊಳೆಯುತ್ತದೆ. 1990ರ ದಶಕದಲ್ಲಿ ವರ್ಷಗಟ್ಟಲೆ ಲಕ್ಷಾಂತರ ನಕ್ಷತ್ರಗಳನ್ನು ಹೀಗೆ ಕಾಯ್ದರು. ಕೆಲವು ಹೊಳಪು ಸಿಕ್ಕವು, ಆದರೆ ಕಪ್ಪುದ್ರವ್ಯದ ಲೆಕ್ಕ ತುಂಬುವಷ್ಟು ಸಿಗಲಿಲ್ಲ.

ಎರಡನೆಯ ದಾರಿಗೆ ನಮ್ಮ ರಾಜ್ಯದವರೇ ಮೊದಲ ಹೆಜ್ಜೆ ಇಟ್ಟರು. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರೂ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಕಪ್ಪುಕುಳಿಗೆ ಗುರುತ್ವದ ಅಲೆ ಬಡಿದರೆ ಅದು ಬಡಿದ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ನಿಲ್ಲುತ್ತದೆ ಎಂದು 1970ರಲ್ಲಿ ತೋರಿಸಿದರು. ಮುಂದೆ ಅವರು ರಾಧಾಕೃಷ್ಣನ್ ನಿರ್ದೇಶಕರಾಗಿದ್ದ ಸಂಸ್ಥೆಗೇ ಬಂದು ಕೆಲಸ ಮಾಡಿದರು. ಹಿತ್ತಾಳೆ ಪಾತ್ರೆಯೂ ಸ್ಟೀಲ್ ಪಾತ್ರೆಯೂ ತಟ್ಟಿದರೆ ಬೇರೆ ಬೇರೆ ಸದ್ದು ಮಾಡುತ್ತವೆ. ಗುಜರಿಯವರಿಗೆ ಇದು ಚೆನ್ನಾಗಿ ಗೊತ್ತು. ಕಪ್ಪುಕುಳಿಯ ಸ್ವರಕ್ಕೂ ಕಪ್ಪುದ್ರವ್ಯದ ನಕ್ಷತ್ರದ ಸ್ವರಕ್ಕೂ ವ್ಯತ್ಯಾಸ ಇರಬೇಕು. 2015ರ ಸೆಪ್ಟೆಂಬರ್‌ನಿಂದ ಗುರುತ್ವ ಅಲೆಗಳು ಸಿಗುತ್ತಿವೆ, ಆದ್ದರಿಂದ ಕಿವಿಗೊಟ್ಟು ಕೇಳುವುದು ಈಗ ಸಾಧ್ಯ.

ಮೂರನೆಯದು ರಾಧಾಕೃಷ್ಣನ್ ಅವರ ದಾರಿ. ರಿಸೈಕಲ್ಡ್ ಪಲ್ಸಾರುಗಳು ಪ್ರಕೃತಿಯ ಅತ್ಯಂತ ನಿಖರ ಗಡಿಯಾರಗಳ ಸಾಲಿಗೆ ಸೇರುತ್ತವೆ. ಕಪ್ಪು ವಸ್ತುವೊಂದು ನಮಗೂ ಪಲ್ಸಾರಿಗೂ ನಡುವೆ ಅಥವಾ ಪಲ್ಸಾರಿನ ಹತ್ತಿರ ಹಾದು ಹೋದರೆ ಮಿಡಿತ ಬರುವ ಹೊತ್ತು ಅತಿ ಸ್ವಲ್ಪ ತಪ್ಪುತ್ತದೆ. ಇಂಥ ಗಡಿಯಾರಗಳನ್ನು ಹದಿನೈದು, ಇಪ್ಪತ್ತು ವರ್ಷ ನೋಡಿಯೇ 2023ರ ಜೂನ್‌ನಲ್ಲಿ ಹಲವು ದೇಶಗಳ ತಂಡಗಳು ವಿಶ್ವದಲ್ಲೆಲ್ಲ ಹರಡಿರುವ ನಿಧಾನವಾದ ಗುರುತ್ವ ಅಲೆಗಳಿಗೆ ಸಾಕ್ಷಿ ಕೊಟ್ಟವು. ಪುಣೆ ಜಿಲ್ಲೆಯ ಜಿಎಂಆರ್‌ಟಿ ದೂರದರ್ಶಕ ಬಳಸಿದ ಭಾರತದ ತಂಡವೂ ಅದರಲ್ಲಿತ್ತು. ಕಪ್ಪು ನಕ್ಷತ್ರ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಹೀಗೆ ತಾಳೆಯಾಗದ ಒಂದು ಲೆಕ್ಕದಿಂದಲೇ ಸಿಗಬಹುದು.

ನಾನು ಅಳಿಸಿದ ಲೆಕ್ಕ

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ಕಳೆದ ವರ್ಷ ಒಂದು ಶನಿವಾರ ಅಂಗಡಿಯ ಪುಸ್ತಕದಲ್ಲಿ 140 ರೂಪಾಯಿ ಹೆಚ್ಚು ಉಳಿಯಿತು. ನಾಳೆ ಟೆಸ್ಟ್ ಇದೆ ಎಂದು ನಾನು ರಟ್ಟಿನ ತೂಕದ ಅಂಕಿಯನ್ನು ಅಳಿಸಿ ಬೇರೆ ಬರೆದು ಲೆಕ್ಕ ಸರಿ ಮಾಡಿದೆ. ಅಬ್ಬಾ ಓದಿದ್ದು ಏಳನೇ ತರಗತಿ. ಆದರೆ ಅವರು ಪುಸ್ತಕ ನೋಡಿದ ಕೂಡಲೇ ಆ ಸಾಲಿನ ಮೇಲೆ ಬೆರಳಿಟ್ಟರು. ಬೈಯಲಿಲ್ಲ. ಆ ದಿನದ ಚೀಟಿಗಳನ್ನೆಲ್ಲ ಮತ್ತೆ ತೆಗೆಸಿ ಒಂದೊಂದಾಗಿ ಕೂಡಿಸಿದರು. ರಟ್ಟು, ಪ್ಲಾಸ್ಟಿಕ್ ಆಯ್ದು ತರುವ ಒಬ್ಬ ವಯಸ್ಸಾದ ಅಮ್ಮನಿಗೆ 140 ರೂಪಾಯಿ ಕಡಿಮೆ ಕೊಟ್ಟಿದ್ದೆವು. ಅವರು ಎಣಿಸಿಕೊಳ್ಳದೆ ಹೋಗಿದ್ದರು. ಮುಂದಿನ ಸಲ ಅವರು ಬಂದಾಗ ಅಬ್ಬಾ ನನ್ನ ಕೈಯಿಂದಲೇ ಹಣ ಕೊಡಿಸಿದರು. ನಾನು ಅಳಿಸಿದ ಅಂಕಿಯ ಜೊತೆ ಆ ಅಮ್ಮನ ಒಂದು ದಿನದ ಊಟವೂ ಅಳಿಸಿ ಹೋಗುತ್ತಿತ್ತು.

ವೇಲಾ ಪಲ್ಸಾರಿನ 200 ನ್ಯಾನೋಸೆಕೆಂಡಿನ ಬಗ್ಗೆ ಓದಿದಾಗ ನನಗೆ ಆ ಶನಿವಾರ ನೆನಪಾಯಿತು. ಈ ಲೇಖನ ಬರೆಯಬೇಕೆಂದು ಅನಿಸಿದ್ದೂ ಅದರಿಂದಲೇ.

ರಾಧಾಕೃಷ್ಣನ್ 2011ರ ಮಾರ್ಚ್ 3ರಂದು ತೀರಿಕೊಂಡರು. ಸ್ವೀಡನ್ನಿನ ಮತ್ತು ಅಮೆರಿಕದ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿದ್ದವು. ಪಿಎಚ್.ಡಿ. ಮಾಡದ ಅವರಿಗೆ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಅವರನ್ನು ನೋಡಿ ಯಾರೂ ಓದು ಬಿಡಬೇಕಿಲ್ಲ. ಪದವಿ ಬೇಡ ಎಂದು ನಾನು ಹೇಳುತ್ತಿಲ್ಲ, ನನಗೆ ಬಿ.ಕಾಂ. ಮಾಡಲೇಬೇಕೆಂಬ ಹಟ ಇದೆ. ಸೈನ್ಸ್ ಸಿಗದವರಿಗೆ, ಕಡಿಮೆ ಅಂಕ ಬಂದವರಿಗೆ, ಮನೆಯ ಕಾರಣಕ್ಕೆ ಇಷ್ಟದ ವಿಷಯ ಬಿಟ್ಟವರಿಗೆ ಆಕಾಶದ ಬಾಗಿಲು ಮುಚ್ಚಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ರಾಮನ್ ಹತ್ತು ವರ್ಷ ಲೆಕ್ಕದ ಆಫೀಸಿನಲ್ಲಿದ್ದರು ಎಂಬುದನ್ನು ನಮ್ಮ ವಿಭಾಗದವರು ಮರೆಯಬಾರದು.

ಕಳೆದ ರಂಜಾನ್ ತಿಂಗಳಲ್ಲಿ ತರಾವೀಹ್ ಮುಗಿದ ಮೇಲೆ ಒಂದು ರಾತ್ರಿ ನಾನೂ ಅಬ್ಬಾನೂ ತಾರಸಿಗೆ ಹೋದೆವು. ನಮ್ಮ ಎನ್.ಆರ್. ಮೊಹಲ್ಲಾದಿಂದ ದಕ್ಷಿಣಕ್ಕೆ ಚಾಮುಂಡಿ ಬೆಟ್ಟದ ದೀಪಗಳು ಕಾಣುತ್ತವೆ. ಮಾರ್ಚ್ ತಿಂಗಳ ಆ ಹೊತ್ತಿಗೆ ಅಗಸ್ತ್ಯ ನಕ್ಷತ್ರ ದಕ್ಷಿಣದಲ್ಲಿ ಪಶ್ಚಿಮಕ್ಕೆ ಇಳಿಯುತ್ತಿರುತ್ತದೆ. ಅದರ ಎಡಕ್ಕೆ ಸ್ವಲ್ಪ ಮೇಲೆ ವೇಲಾ ಇದೆ. ಪಲ್ಸಾರ್ ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ನಾನು ಅಬ್ಬಾಗೆ ಆ ಜಾಗ ತೋರಿಸಿ, ಅಲ್ಲಿ ಒಂದು ಪುಟ್ಟ ನಕ್ಷತ್ರ ಸೆಕೆಂಡಿಗೆ 11 ಸಲ ತಿರುಗುತ್ತಿದೆ, ಅದರ ಲೆಕ್ಕ ಒಂದು ಸಲ ತಪ್ಪಿದಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಿ.ಎಸ್ಸಿ. ಓದಿದ ಒಬ್ಬರು ಅದನ್ನು ಅಳಿಸದೆ ಬರೆದಿಟ್ಟರು ಎಂದು ಹೇಳಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನೆ ಆ ಕಡೆ ನೋಡಿದರು. ಆಮೇಲೆ ಎಷ್ಟು ತಪ್ಪಿತ್ತು ಎಂದು ಕೇಳಿದರು.